ಸ್ಟ್ಯಾಂಡಪ್‌ನಲ್ಲಿ ನಿಜ ಹೇಳುವ ತಂಡ

2013ರ ಡಿಸೆಂಬರ್ 20ರಂದು ಆಮಿರ್ ಖಾನ್ ನಟನೆಯ ‘ಧೂಮ್ 3’ ತೆರೆಗೆ ಬಂತು. ಆ ಚಿತ್ರದ ಅಧಿಕೃತ ಮೊಬೈಲ್ ಗೇಮ್ ತಯಾರಾದದ್ದು ಉಡುಪಿಯ 99ಗೇಮ್ಸ್ ಕಂಪನಿಯಲ್ಲಿ. ಸಿನಿಮಾದ ಜೊತೆ ಬರಬೇಕಾದ ಗೇಮ್‌ಗೆ ದಿನಾಂಕ ಮುಂದೂಡುವ ಸ್ವಾತಂತ್ರ್ಯ ಇರುವುದಿಲ್ಲ. ಜನ ಚಿತ್ರಮಂದಿರದಿಂದ ಹೊರಬಂದು ಫೋನು ತೆರೆಯುವ ಹೊತ್ತಿಗೆ ಅದು ಅಲ್ಲಿರಬೇಕು. ಒಂದು ತಿಂಗಳು ತಡವಾದರೆ ಕೇಳುವವರಿಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿ ಹೆಚ್ಚು ಕಡಿಮೆ ಮಾಡಲು ಸಿಗುವುದು ಮೂರು ಸಂಗತಿಗಳು: ಸಮಯ, ಜನ, ಕೆಲಸದ ಪಟ್ಟಿ. ಇಂಥ ಕಡೆ ಸಮಯವನ್ನು ಬೇರೆ ಯಾರೋ ನಿಗದಿ ಮಾಡಿಬಿಟ್ಟಿರುತ್ತಾರೆ. ಕೊನೆಗಳಿಗೆಯಲ್ಲಿ ಜನ ಸೇರಿಸಿದರೆ ಕೆಲಸ ಇನ್ನಷ್ಟು ತಡವಾಗುತ್ತದೆ. ಏಕೆಂಬುದನ್ನು ಮುಂದೆ ನೋಡೋಣ. ಉಳಿಯುವುದು ಪಟ್ಟಿ ಮಾತ್ರ. ಯಾವುದು ಮೊದಲ ದಿನವೇ ಇರಬೇಕು, ಯಾವುದು ಆಮೇಲಿನ ಅಪ್‌ಡೇಟ್‌ನಲ್ಲಿ ಬಂದರೂ ನಡೆದೀತು ಎಂದು ಬೇರ್ಪಡಿಸುವುದು. ‘ಅಜೈಲ್’ ಎಂದು ಇಂದು ಎಲ್ಲ ಐಟಿ ಕಚೇರಿಗಳಲ್ಲಿ ಕೇಳಿಬರುವ ಪದ್ಧತಿಯ ಬುಡದಲ್ಲಿರುವುದು ಈ ಲೆಕ್ಕವೇ.

ಉಡುಪಿಗೆ ಈ ಕಸುಬು ಹೊಸದಲ್ಲ. ರೋಹಿತ್ ಭಟ್ ಇಲ್ಲಿ ರೋಬೋಸಾಫ್ಟ್ ಟೆಕ್ನಾಲಜೀಸ್ ಆರಂಭಿಸಿದ್ದು 1996ರಲ್ಲಿ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು ಅದರ ಮರುವರ್ಷ. 99ಗೇಮ್ಸ್ ಮತ್ತು ಗ್ಲೋಬಲ್ ಡಿಲೈಟ್ ಕೂಡ ಅದೇ ಬಳಗದಿಂದ ಬಂದವು. 2021ರಲ್ಲಿ ಜಪಾನಿನ ಟೆಕ್ನೋಪ್ರೋ ಹೋಲ್ಡಿಂಗ್ಸ್ ರೋಬೋಸಾಫ್ಟನ್ನು ಸುಮಾರು 805 ಕೋಟಿ ರೂಪಾಯಿಗೆ ಕೊಂಡುಕೊಳ್ಳಲು ಒಪ್ಪಂದ ಮಾಡಿಕೊಂಡಾಗ, ಬೆಂಗಳೂರಿಗೆ ಹೋಗದೆಯೇ ಇಷ್ಟು ಬೆಳೆಯಬಹುದೆಂದು ಅನೇಕರಿಗೆ ನಂಬಿಕೆ ಬಂತು. ಕೋವಿಡ್ ನಂತರವಂತೂ ಕಾಪು, ಶಿರ್ವ, ಕಾರ್ಕಳ, ಹಿರಿಯಡ್ಕದ ಮನೆಗಳಲ್ಲಿ ಕುಳಿತು ದೂರದೂರಿನ ಕಂಪನಿಗಳಿಗೆ ಕೋಡ್ ಬರೆಯುವವರು ಹೆಚ್ಚಿದ್ದಾರೆ. ಅವರ ದಿನಚರಿಯಲ್ಲಿ ಸ್ಪ್ರಿಂಟ್, ಬ್ಯಾಕ್‌ಲಾಗ್, ಸ್ಟ್ಯಾಂಡಪ್ ಎಂಬ ಮಾತುಗಳು ಊಟ ತಿಂಡಿಯಷ್ಟೇ ಸಹಜ. ಆ ಮಾತುಗಳ ಹಿಂದಿನ ವಿಚಾರ ಮಾತ್ರ ಎಷ್ಟೋ ಕಡೆ ಹಿಂದೆಯೇ ಉಳಿದಿದೆ. ಈ ಲೇಖನ ಅದರ ಬಗ್ಗೆ.

ಹಳೆಯ ಪದ್ಧತಿ ಸರಳವಾಗಿತ್ತು. ಮೊದಲು ಗ್ರಾಹಕನಿಗೆ ಬೇಕಾದ್ದನ್ನೆಲ್ಲ ಬರೆದುಕೊಳ್ಳುವುದು, ಆಮೇಲೆ ವಿನ್ಯಾಸ, ಆಮೇಲೆ ಕೋಡ್, ಕೊನೆಗೆ ಟೆಸ್ಟಿಂಗ್. ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂತೆ ಕಾಣುವುದರಿಂದ ಇದನ್ನು ವಾಟರ್‌ಫಾಲ್ ಎನ್ನುತ್ತಾರೆ. ಈ ಚಿತ್ರವನ್ನು ಪ್ರಸಿದ್ಧಗೊಳಿಸಿದ್ದು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧ. ಹೀಗೆ ಒಂದೇ ದಿಕ್ಕಿನಲ್ಲಿ ಹೋಗುವುದು ಅಪಾಯಕಾರಿ, ಸೋಲನ್ನು ಕರೆದುತರುತ್ತದೆ ಎಂದು ಅದೇ ಪ್ರಬಂಧದಲ್ಲಿ ಅವರು ಎಚ್ಚರಿಸಿದ್ದರು. ಲೋಕ ಚಿತ್ರವನ್ನು ಇಟ್ಟುಕೊಂಡು ಎಚ್ಚರಿಕೆಯನ್ನು ಬಿಟ್ಟಿತು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ 17 ಮಂದಿ ಅನುಭವಿ ತಂತ್ರಜ್ಞರು ಸೇರಿ ‘ಅಜೈಲ್ ಮ್ಯಾನಿಫೆಸ್ಟೊ’ ಬರೆದರು. ಅದರಲ್ಲಿರುವುದು 4 ಮೌಲ್ಯಗಳು, 12 ತತ್ವಗಳು. ದಪ್ಪ ದಾಖಲೆಗಿಂತ ನಡೆಯುವ ಸಾಫ್ಟ್‌ವೇರ್ ಮುಖ್ಯ, ಕರಾರಿನ ಚೌಕಾಸಿಗಿಂತ ಗ್ರಾಹಕನ ಜೊತೆಗೂಡಿ ಕೆಲಸ ಮಾಡುವುದು ಮುಖ್ಯ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಮುಖ್ಯ, ಪ್ರಕ್ರಿಯೆಗಿಂತ ಮನುಷ್ಯರೂ ಅವರ ಮಾತುಕತೆಯೂ ಮುಖ್ಯ. ಈ ಕೊನೆಯದನ್ನು ಅವರು ಪಟ್ಟಿಯಲ್ಲಿ ಮೊದಲು ಬರೆದಿದ್ದರು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ನಮ್ಮ ಜಿಲ್ಲೆಯ ಖಾಸಗಿ ಬಸ್ಸುಗಳ ಸಮಯ ತಿಳಿಸುವ ಒಂದು ಆ್ಯಪ್ ಮಾಡಬೇಕು. ಹಳೆಯ ದಾರಿಯಲ್ಲಾದರೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಎಲ್ಲ ರೂಟ್‌ಗಳನ್ನೂ ಕಲೆಹಾಕಿ, ಟಿಕೆಟ್, ಪಾಸ್, ನಕ್ಷೆ ಎಲ್ಲ ಸೇರಿಸಿ, ಎಂಟು ತಿಂಗಳ ಮೇಲೆ ಬಿಡುಗಡೆ. ಅಜೈಲ್ ತಂಡ ಬೇರೆ ಪ್ರಶ್ನೆಯಿಂದ ಹೊರಡುತ್ತದೆ: ಈ ಆ್ಯಪ್ ಯಾರಿಗೆ ತೀರ ಅಗತ್ಯ? ಮಣಿಪಾಲದ ಆಸ್ಪತ್ರೆಯಲ್ಲಿ ಸಂಜೆ ಪಾಳಿ ಮುಗಿಸಿ ಕಾರ್ಕಳಕ್ಕೆ ಹೋಗಬೇಕಾದ ನರ್ಸ್ ಒಬ್ಬರಿಗೆ ಎನ್ನೋಣ. ಮುಂದಿನ ಬಸ್ ಎಷ್ಟು ಹೊತ್ತಿಗೆ, ಅದೇ ಕೊನೆಯದಾ ಎಂಬುದು ಅವರಿಗೆ ಒಂದೇ ನೋಟಕ್ಕೆ ತಿಳಿಯಬೇಕು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದರೆ ಅದು ಯೂಸರ್ ಸ್ಟೋರಿ. ಇಂಥ ಚೀಟಿಗಳನ್ನು ಅಗತ್ಯದ ಕ್ರಮದಲ್ಲಿ ಜೋಡಿಸಿದ ಪಟ್ಟಿ ಬ್ಯಾಕ್‌ಲಾಗ್. ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುವ ಒಬ್ಬ ವ್ಯಕ್ತಿ ಪ್ರಾಡಕ್ಟ್ ಓನರ್. ಮೇಲಿನ ಕೆಲವು ಚೀಟಿಗಳನ್ನು ಎತ್ತಿಕೊಂಡು ಸಾಮಾನ್ಯವಾಗಿ ಎರಡು ವಾರದೊಳಗೆ ಪೂರ್ತಿ ಮುಗಿಸುವ ಅವಧಿ ಸ್ಪ್ರಿಂಟ್.

ಮೊದಲ ಸ್ಪ್ರಿಂಟ್‌ಗೆ ಒಂದೇ ರೂಟ್ ಸಾಕು: ಉಡುಪಿ, ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು, ಕಾರ್ಕಳ. ಎರಡು ವಾರದ ಕೊನೆಗೆ ಅದನ್ನು ಆ ರೂಟಿನ ಒಬ್ಬ ಕಂಡಕ್ಟರಿಗೆ ತೋರಿಸಿದಾಗ ಅವರು ನೋಡಿ, “ಇದು ಸರಿ ಉಂಟು, ಆದರೆ ಆದಿತ್ಯವಾರ ಈ ಟ್ರಿಪ್ ಇಲ್ವಲ್ಲ” ಎನ್ನಬಹುದು. ವಾರದ ಏಳೂ ದಿನಕ್ಕೆ ಒಂದೇ ವೇಳಾಪಟ್ಟಿ ಎಂದುಕೊಂಡು ಡೇಟಾಬೇಸ್ ಕಟ್ಟಿದ ತಂಡಕ್ಕೆ ಇದು ಹೊಸ ಸುದ್ದಿ. ಎರಡನೇ ವಾರದಲ್ಲಿ ಗೊತ್ತಾದರೆ ಒಂದು ದಿನದ ರಿಪೇರಿ. ಎಂಟನೇ ತಿಂಗಳಲ್ಲಿ ಗೊತ್ತಾದರೆ ನೂರಾರು ರೂಟ್‌ಗಳ ಮಾಹಿತಿಯನ್ನೂ ಅದರ ಮೇಲೆ ಕಟ್ಟಿದ ಎಲ್ಲ ಪರದೆಗಳನ್ನೂ ಬಿಚ್ಚಬೇಕು. ಅಜೈಲ್ ಎಂದರೆ ವೇಗವಾಗಿ ಕೆಲಸ ಮಾಡುವುದು ಎಂದು ಮ್ಯಾನೇಜರುಗಳು ತಿಳಿದಿರುವುದುಂಟು. ಒಬ್ಬ ಮನುಷ್ಯ ಗಂಟೆಗೆ ಬರೆಯುವ ಕೋಡ್ ಇದರಿಂದ ಹೆಚ್ಚುವುದಿಲ್ಲ. ತಪ್ಪು ಬೇಗ ತಿಳಿಯುತ್ತದೆ, ಅಷ್ಟೇ. ಆ ಅಷ್ಟರಲ್ಲೇ ಲಾಭವೆಲ್ಲ ಇದೆ.

ತಪ್ಪು ಬೇಗ ತಿಳಿಯಬೇಕಾದರೆ ಯಾರಾದರೂ ಅದನ್ನು ಹೇಳಬೇಕು. ನಮ್ಮಲ್ಲಿ ಎಡವುವುದು ಇಲ್ಲಿಯೇ.

ದಿನಕ್ಕೊಮ್ಮೆ 15 ನಿಮಿಷ ತಂಡ ಸೇರುವುದಕ್ಕೆ ಸ್ಟ್ಯಾಂಡಪ್ ಎನ್ನುತ್ತಾರೆ. ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ, ಅಡ್ಡಿ ಏನಿದೆ ಎಂಬ ಮೂರು ಪ್ರಶ್ನೆಗಳು ಬಹುಕಾಲದಿಂದ ರೂಢಿಯಲ್ಲಿವೆ. ಅಜೈಲ್‌ನ ಒಂದು ರೂಪವಾದ ಸ್ಕ್ರಮ್ ಪದ್ಧತಿಯನ್ನು ರೂಪಿಸಿದ ಕೆನ್ ಶ್ವಾಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ತಮ್ಮ ಮಾರ್ಗದರ್ಶಿಯ 2020ರ ಆವೃತ್ತಿಯಿಂದ ಆ ಮೂರು ಪ್ರಶ್ನೆಗಳನ್ನು ತೆಗೆದೇ ಹಾಕಿದರು. ಸ್ಪ್ರಿಂಟ್‌ನ ಗುರಿಯತ್ತ ಹೋಗುತ್ತಿದ್ದೇವೆಯೇ ಎಂದು ನೋಡಿಕೊಂಡರೆ ಸಾಕು, ಹೇಗೆ ಎಂಬುದು ತಂಡಕ್ಕೆ ಬಿಟ್ಟದ್ದು ಎಂದರು. ಇದು ಸರಿಯಾದ ತೀರ್ಮಾನ. ಅನೇಕ ಕಚೇರಿಗಳಲ್ಲಿ ಆ ಪ್ರಶ್ನೆಗಳು ಹಾಜರಿ ಕೂಗುವ ಕ್ರಮವಾಗಿಬಿಟ್ಟಿವೆ. ಒಬ್ಬೊಬ್ಬರೂ ತಂಡದ ಲೀಡ್‌ನ ಮುಖ ನೋಡಿ ವರದಿ ಒಪ್ಪಿಸುತ್ತಾರೆ. ಪಕ್ಕದವರು ತಮ್ಮ ಸರದಿಗೆ ಮಾತು ಜೋಡಿಸಿಕೊಳ್ಳುತ್ತಿರುತ್ತಾರೆ, ಕೇಳಿಸಿಕೊಳ್ಳುವುದಿಲ್ಲ.

ಹಿರಿಯರೆದುರು “ಆಗಲಿಲ್ಲ” ಎನ್ನಬಾರದೆಂದು ಮನೆಯಲ್ಲೂ ಶಾಲೆಯಲ್ಲೂ ಕಲಿತು ಬಂದ ಮಕ್ಕಳು ನಾವು. ಹೊಸದಾಗಿ ಸೇರಿದ ಹುಡುಗಿ ಸೋಮವಾರ “ಆಯ್ತು ಸರ್, ಒಂಚೂರು ಬಾಕಿ ಉಂಟು” ಎನ್ನುತ್ತಾಳೆ. ಮಂಗಳವಾರವೂ ಒಂಚೂರು, ಬುಧವಾರವೂ ಒಂಚೂರು. ಗುರುವಾರ ನೋಡಿದರೆ ಮೊದಲ ದಿನದಿಂದಲೂ ಕೆಲಸ ಒಂದೇ ಕಡೆ ನಿಂತಿದೆ. ಅವಳಿಗೆ ಬುದ್ಧಿ ಕಡಿಮೆಯಲ್ಲ, ಶ್ರದ್ಧೆಯೂ ಕಡಿಮೆಯಲ್ಲ. “ಟೈಮಿಂಗ್ ಸೇವ್ ಆಗ್ತಾ ಇಲ್ಲ, ಶುಕ್ರವಾರ ಮಧ್ಯಾಹ್ನದಿಂದ ಅಲ್ಲೇ ಸಿಕ್ಕಿಕೊಂಡಿದ್ದೇನೆ, ಯಾರಾದ್ರೂ ಅರ್ಧ ಗಂಟೆ ಜೊತೆಗೆ ಕೂತ್ಕೊಳ್ಳಬಹುದಾ?” ಎಂದು ಸೋಮವಾರವೇ ಹೇಳಿದ್ದರೆ ಮೂರು ದಿನ ಉಳಿಯುತ್ತಿತ್ತು. ಹೇಳುವ ಧೈರ್ಯ ಅವಳದು ಮಾತ್ರವೇ ಆಗಬೇಕೆನ್ನುವುದು ಅನ್ಯಾಯ. ಹಿಂದೊಮ್ಮೆ ಯಾರೋ ಹಾಗೆ ಹೇಳಿದಾಗ ಲೀಡ್ ಹುಬ್ಬು ಗಂಟಿಕ್ಕಿದ್ದರೆ ಇಡೀ ತಂಡ ಅದನ್ನು ನೋಡಿರುತ್ತದೆ. ಹಿರಿಯರು ತಾವೇ ಮೊದಲು “ನನಗೂ ಇದು ಅರ್ಥ ಆಗ್ತಾ ಇಲ್ಲ” ಎಂದು ಒಂದು ದಿನ ಹೇಳಿದರೆ ಕಿರಿಯರ ಬಾಯಿ ತಾನಾಗಿ ಬಿಚ್ಚುತ್ತದೆ.

ನಮ್ಮ ನೆಲದಲ್ಲಿ ಸ್ಟ್ಯಾಂಡಪ್‌ಗೆ ಒಳ್ಳೆಯ ಹೋಲಿಕೆಯೊಂದಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುತ್ತಿದ್ದರು. ಸಣ್ಣ ಮೊತ್ತದ ಮಹಿಮೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಆ ದಿನನಿತ್ಯದ ಭೇಟಿ. ಯಾವ ಅಂಗಡಿಯಲ್ಲಿ ವ್ಯಾಪಾರ ಇಳಿದಿದೆ, ಯಾವ ಮನೆಯಲ್ಲಿ ಕಾಯಿಲೆ ಬಂದಿದೆ ಎಂಬುದು ದಿನವೂ ಹೋಗುವವನಿಗೆ ವರ್ಷದ ಲೆಕ್ಕಪತ್ರ ಬರುವ ಮೊದಲೇ ಗೊತ್ತಾಗುತ್ತದೆ. ಸ್ಟ್ಯಾಂಡಪ್ ಮಾಡಬೇಕಾದ ಕೆಲಸವೂ ಅದೇ.

ಮೊದಲು ಹೇಳಿದಂತೆ, ಕೊನೆಗಳಿಗೆಯಲ್ಲಿ ಜನ ಸೇರಿಸಿದರೆ ತಡವಾಗುವುದೇಕೆ? ಐಬಿಎಂನ ದೊಡ್ಡದೊಂದು ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದನ್ನು ಬರೆದರು. 5 ಮಂದಿಯ ತಂಡದಲ್ಲಿ ಪರಸ್ಪರ ಮಾತಾಡಿಕೊಳ್ಳಬೇಕಾದ ಜೋಡಿಗಳು 10. ತಂಡ 10 ಮಂದಿಯದಾದರೆ ಜೋಡಿಗಳು 45. ಹೊಸಬರಿಗೆ ಕಲಿಸಬೇಕಾದವರೂ ಈಗಾಗಲೇ ಕೆಲಸದಲ್ಲಿ ಮುಳುಗಿರುವವರೇ. ಸ್ಕ್ರಮ್ ತಂಡ ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಕಡಿಮೆ ಮಂದಿಯದಾಗಿರಲಿ ಎನ್ನುವುದು ಇದರಿಂದ. ಕರಾವಳಿಯ ಸಣ್ಣ ಕಂಪನಿಗಳು ತಮ್ಮ ತಂಡ ಚಿಕ್ಕದೆಂದು ಸಂಕೋಚಪಡಬೇಕಾಗಿಲ್ಲ.

ಗಡಿಯಾರದ ಸಮಸ್ಯೆ ಬೇರೆ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಎಂದರೆ ಇಲ್ಲಿ ಬೇಸಿಗೆಯಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಕ್ಲೈಂಟ್‌ನ ಅನುಕೂಲಕ್ಕೆ ಸ್ಟ್ಯಾಂಡಪ್ಪನ್ನು ಆ ಹೊತ್ತಿಗೆ ಇಟ್ಟರೆ ಮಣಿಪಾಲದ ಕಚೇರಿಯಿಂದ ಕಾರ್ಕಳಕ್ಕೆ ಹೋಗಬೇಕಾದವರ ಮನಸ್ಸು ಬಸ್ಸಿನ ಮೇಲಿರುತ್ತದೆ. ಸ್ಟ್ಯಾಂಡಪ್ ತಂಡದ್ದು, ಅದು ಬೆಳಿಗ್ಗೆಯೇ ಆಗಬೇಕು. ಕ್ಲೈಂಟ್‌ಗೆ ಎರಡು ವಾರಕ್ಕೊಂದು ಡೆಮೊ, ನಡುವೆ ಬರಹದಲ್ಲಿ ಉತ್ತರ, ಬೇಕಾದಾಗ ಕರೆ. ಜೂನ್, ಜುಲೈಯಲ್ಲಿ ಇನ್ನೂ ಒಂದು ಮಾತು ನೆನಪಿಡಬೇಕು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಹಳ್ಳಿಯ ಮನೆಯಿಂದ ಕೆಲಸ ಮಾಡುವವರಿಗೆ ಅರ್ಧ ದಿನ ಹೋದಂತೆಯೇ. ಸ್ಪ್ರಿಂಟ್‌ಗೆ ಕೆಲಸ ಎತ್ತಿಕೊಳ್ಳುವಾಗಲೇ ಆ ತಿಂಗಳುಗಳಲ್ಲಿ ಎರಡು ಚೀಟಿ ಕಡಿಮೆ ಇಟ್ಟರೆ ಯಾರೂ ರಾತ್ರಿ ನಿದ್ದೆಗೆಡಬೇಕಿಲ್ಲ.

ಅಜೈಲ್ ಹೆಸರಲ್ಲಿ ನಡೆಯುವ ಇನ್ನೊಂದು ತಪ್ಪು ನನ್ನನ್ನು ಹೆಚ್ಚು ಕಾಡುತ್ತದೆ. ಕೆಲಸದ ಗಾತ್ರ ಅಂದಾಜಿಸಲು ಕೊಡುವ ಸ್ಟೋರಿ ಪಾಯಿಂಟ್‌ಗಳನ್ನು ಪರೀಕ್ಷೆಯ ಅಂಕಗಳಂತೆ ಬಳಸಿ, ಆ ತಂಡ 40 ಮಾಡಿದೆ, ನೀವು 25 ಎಂದು ಹೋಲಿಸುವುದು. ಮುಂದಿನ ಸ್ಪ್ರಿಂಟ್‌ಗೆ ಈ ತಂಡವೂ 40 ಎಂದು ಬರೆಯುತ್ತದೆ. ಕೆಲಸ ಅಷ್ಟೇ ಇರುತ್ತದೆ, ಚೀಟಿಯ ಮೇಲಿನ ಸಂಖ್ಯೆ ಮಾತ್ರ ದೊಡ್ಡದಾಗಿರುತ್ತದೆ. ಒಮ್ಮೆ ಸಂಖ್ಯೆ ಸುಳ್ಳಾದರೆ ಚೀಟಿಗಳನ್ನು ಅಂಟಿಸಿದ ಬೋರ್ಡಿನ ಮೇಲಿನ ಉಳಿದದ್ದನ್ನೂ ನಂಬುವಂತಿಲ್ಲ.

ಇದನ್ನೆಲ್ಲ ಕಲಿಸಲು ನಮ್ಮ ಕಾಲೇಜುಗಳಿಗಿಂತ ಒಳ್ಳೆಯ ಜಾಗವಿಲ್ಲ. 1957ರಲ್ಲಿ ಶುರುವಾದ ಮಣಿಪಾಲದ ಎಂಐಟಿ, 1986ರಲ್ಲಿ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹುಟ್ಟಿದ ಎನ್‌ಎಂಎಎಂಐಟಿ, ಕಾಪು ತಾಲ್ಲೂಕಿನ ಬಂಟಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎಲ್ಲವೂ ಒಂದು ಗಂಟೆಯ ದಾರಿಯೊಳಗಿವೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮೂರು ನಾಲ್ಕು ಮಂದಿಯ ಗುಂಪುಗಳಿರುತ್ತವೆ. ಎಷ್ಟೋ ಗುಂಪುಗಳಲ್ಲಿ ಒಬ್ಬರು ಕೋಡ್ ಬರೆಯುತ್ತಾರೆ, ಒಬ್ಬರು ರಿಪೋರ್ಟ್ ಬೈಂಡ್ ಮಾಡಿಸುತ್ತಾರೆ, ಮಿಕ್ಕವರು ವೈವಾದ ಹಿಂದಿನ ರಾತ್ರಿ ಓದಿಕೊಳ್ಳುತ್ತಾರೆ. ಇದರ ಬದಲು ಎರಡು ವಾರಕ್ಕೊಮ್ಮೆ ಗುಂಪಿನ ಬೇರೆ ಬೇರೆ ಸದಸ್ಯರು ಡೆಮೊ ಕೊಡಲಿ, ಅದೂ ಪ್ರಾಧ್ಯಾಪಕರಿಗಲ್ಲ, ನಿಜವಾಗಿ ಬಳಸುವವರಿಗೆ: ಕಾರ್ಕಳದ ಗೋಡಂಬಿ ಕಾರ್ಖಾನೆಯ ಲೆಕ್ಕ ಬರೆಯುವವರಿಗೆ, ಕಾಪುವಿನ ಮೀನುಗಾರರ ಸಹಕಾರಿ ಸಂಘದ ಗುಮಾಸ್ತರಿಗೆ, ಉಡುಪಿ ಬಸ್ ನಿಲ್ದಾಣದಲ್ಲಿ ಟೈಮ್ ಬರೆದುಕೊಳ್ಳುವವರಿಗೆ. ಅವರು “ಇದು ನಮಗೆ ಬೇಡ, ಅದು ಬೇಕು” ಎಂದದ್ದನ್ನು ಬರೆದುಕೊಂಡು ಬಂದು ಬ್ಯಾಕ್‌ಲಾಗ್ ಮರುಜೋಡಿಸುವ ವಿದ್ಯಾರ್ಥಿಗಳಿಗೆ ಅಂಕ ಸಿಗಲಿ, ಬದಲಾಗಿದ್ದಕ್ಕೆ ಕಳೆಯುವುದು ಬೇಡ. ಪ್ರಾಜೆಕ್ಟ್ ಗೈಡ್ ಒಪ್ಪಿದರೆ ಇದೇ ಸೆಮಿಸ್ಟರಿನಲ್ಲಿ ಶುರುಮಾಡಬಹುದು.