ಪೆಟ್ಟು ಕೊಟ್ಟವರೂ ಪೆಟ್ಟು ತಿಂದವರೇ

ಷಿಕಾಗೋದ ಕುಕ್ ಕೌಂಟಿಯಲ್ಲಿ ಬಾಲಾಪರಾಧಿಗಳ ಬಂಧನಗೃಹವೊಂದಿದೆ. 1995ರಿಂದ 1998ರವರೆಗೆ ಅಲ್ಲಿಗೆ ಬಂದವರಲ್ಲಿ 1,829 ಮಕ್ಕಳನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಲಿಂಡಾ ಟೆಪ್ಲಿನ್ ಮತ್ತು ಸಂಗಡಿಗರು ಮಾತನಾಡಿಸಿದರು. ಹುಡುಗರಲ್ಲಿ ಮೂರರಲ್ಲಿ ಹತ್ತಿರಹತ್ತಿರ ಇಬ್ಬರಿಗೆ, ಹುಡುಗಿಯರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆಯಿತ್ತು. ತಪ್ಪು ಮಾಡಿದ್ದನ್ನೇ ಕಾಯಿಲೆಯೆಂದು ಎಣಿಸಿರಬಹುದೇ? ಹಾಗೇನಿಲ್ಲ. ದುರ್ನಡತೆಯ ಕಾಯಿಲೆಯನ್ನು ಲೆಕ್ಕದಿಂದ ಕೈಬಿಟ್ಟರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಪಟ್ಟಿಯಲ್ಲೇ ಉಳಿದರು.

ಮಾತನಾಡಿಸಿದ 1,829 ಮಕ್ಕಳಲ್ಲಿ 898 ಮಂದಿಯನ್ನು ಆಘಾತದ ಅನುಭವಗಳ ಬಗ್ಗೆಯೂ ಕೇಳಲಾಯಿತು. ಶೇ. 92.5ರಷ್ಟು ಮಕ್ಕಳು ಒಮ್ಮೆಯಾದರೂ ಅಂಥದ್ದನ್ನು ಕಂಡಿದ್ದರು ಅಥವಾ ಉಂಡಿದ್ದರು. ಯಾರೋ ತೀವ್ರವಾಗಿ ಗಾಯಗೊಂಡದ್ದನ್ನೋ ಸತ್ತದ್ದನ್ನೋ ಕಣ್ಣಾರೆ ನೋಡಿದವರು, ಆಯುಧದ ಬೆದರಿಕೆಗೆ ಸಿಕ್ಕವರು ಅವರಲ್ಲಿ ಬಹಳ. ಹಿಂದಿನ ಒಂದು ವರ್ಷದಲ್ಲಿ ಶೇ. 11.2ರಷ್ಟು ಮಕ್ಕಳಿಗೆ ಪಿಟಿಎಸ್‌ಡಿ, ಅಂದರೆ ಆಘಾತ ಕಳೆದರೂ ಮನಸ್ಸು ಅದರಿಂದ ಬಿಡಿಸಿಕೊಳ್ಳಲಾಗದ ಸ್ಥಿತಿ, ಇತ್ತು.

ಹೊಡೆತದ ನಡುವೆ ಬೆಳೆದ ಮಗುವಿನ ಮಿದುಳು ಅಪಾಯದ ಸುಳಿವು ಹಿಡಿಯುವುದರಲ್ಲಿ ಪಳಗುತ್ತದೆ. ಭಯವನ್ನು ಗುರುತಿಸುವ ಅಮಿಗ್ಡಲ ಸಣ್ಣದಕ್ಕೂ ಎಚ್ಚರಗೊಳ್ಳುತ್ತದೆ. ಹದಿಹರೆಯದಲ್ಲಿ ಅದಕ್ಕೆ ಲಗಾಮು ಹಾಕಬೇಕಾದ ಮಿದುಳಿನ ಮುಂಭಾಗ ಇನ್ನೂ ಮಾಗಿರುವುದಿಲ್ಲ. ಎಳವೆಯಲ್ಲಿ ದೈಹಿಕ ಹಿಂಸೆ ಉಂಡ ಮಕ್ಕಳು ಇತರರ ನಡೆಯಲ್ಲಿ ಇಲ್ಲದ ಹಗೆತನವನ್ನು ಕಾಣುವುದು ಹೆಚ್ಚೆಂದು ಮನಶ್ಶಾಸ್ತ್ರಜ್ಞ ಕೆನೆತ್ ಡಾಜ್ ತಂಡ 1990ರಲ್ಲಿ ತೋರಿಸಿತು. ಅಕಸ್ಮಾತ್ತಾಗಿ ಭುಜ ತಾಗಿದರೂ ‘ಬೇಕೆಂದೇ ತಳ್ಳಿದ’ ಅನ್ನಿಸಿ ಕೈ ಮೇಲೇಳುತ್ತದೆ. ನೋಡಿದವರಿಗೆ ಅದು ಪುಂಡಾಟ; ಆ ಮಗುವಿಗೆ ಆತ್ಮರಕ್ಷಣೆ.

ಹಾಗೆಂದು ನೊಂದವರೆಲ್ಲ ಅಪರಾಧಿಗಳಾಗುವುದಿಲ್ಲ. ಬಾಲ್ಯದಲ್ಲಿ ಹಿಂಸೆ, ನಿರ್ಲಕ್ಷ್ಯ ಅನುಭವಿಸಿದ್ದು ನ್ಯಾಯಾಲಯದ ದಾಖಲೆಗಳಲ್ಲಿದ್ದ 908 ಮಂದಿಯನ್ನು ಮನಶ್ಶಾಸ್ತ್ರಜ್ಞೆ ಕ್ಯಾಥಿ ವೈಡಮ್ ಅಂಥ ದಾಖಲೆಯಿಲ್ಲದ 667 ಮಂದಿಯೊಂದಿಗೆ ಹೋಲಿಸಿದರು. 1989ರ ವರದಿಯಂತೆ, ಬಾಲಾಪರಾಧಕ್ಕಾಗಿ ಬಂಧನಕ್ಕೊಳಗಾದವರು ಮೊದಲ ಗುಂಪಿನಲ್ಲಿ ಶೇ. 26, ಎರಡನೆಯದರಲ್ಲಿ ಶೇ. 17. ಅಪಾಯ ಹೆಚ್ಚಿತು, ನಿಜ. ಆದರೂ ನೊಂದ ನಾಲ್ವರಲ್ಲಿ ಸುಮಾರು ಮೂವರು ಹಾಗೆ ಬಂಧನಕ್ಕೊಳಗಾಗಲಿಲ್ಲ.

ಆದ್ದರಿಂದ ನೋವನ್ನು ಬೇಗ ಗುರುತಿಸುವುದು ಮುಖ್ಯ. ಅಮೆರಿಕದ ಅನೇಕ ಬಂಧನಗೃಹಗಳು ‘ಮೇಸಿ-2’ ಎಂಬ ಪ್ರಶ್ನಾವಳಿಯನ್ನು ಬಳಸುತ್ತವೆ. ಹೌದು, ಇಲ್ಲ ಎಂದು ಉತ್ತರಿಸಬೇಕಾದ 52 ಪ್ರಶ್ನೆಗಳು. ಕಾಲು ಗಂಟೆಯ ಕೆಲಸ. ಖಿನ್ನತೆ, ಆತ್ಮಹತ್ಯೆಯ ಯೋಚನೆ, ಆಘಾತ ಯಾವುದಿದ್ದರೂ ಸುಳಿವು ಸಿಗುತ್ತದೆ. ಆದರೆ ಸುಳಿವು ಸಿಕ್ಕ ಮೇಲೆ ಮಗುವನ್ನು ಕಳಿಸಲು ಚಿಕಿತ್ಸಕರೇ ಇಲ್ಲದಿದ್ದರೆ, ತುಂಬಿದ ಹಾಳೆ ಕಡತ ಸೇರುತ್ತದೆ, ಮಗು ಮತ್ತೆ ಅದೇ ಬೀದಿ ಸೇರುತ್ತದೆ.