ಮುಚ್ಚಿದ ಕೋಣೆಯ ಉಸಿರಿನ ಲೆಕ್ಕ

ಎ.ಸಿ. ಹಾಕಿದರೆ ಕೋಣೆಗೆ ಹೊಸ ಗಾಳಿ ಬರುತ್ತದೆ ಎಂದೇ ನಾನೂ ಬಹುಕಾಲ ನಂಬಿದ್ದೆ. ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಎ.ಸಿ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ತಣ್ಣಗೆ ಮಾಡಿ, ತಿರುಗಿ ನಮ್ಮ ಮೇಲೆಯೇ ಊದುತ್ತದೆ. ಒಳಗಿನ ಪೆಟ್ಟಿಗೆಗೂ ಹೊರಗಿನ ಪೆಟ್ಟಿಗೆಗೂ ನಡುವೆ ತಾಮ್ರದ ಕೊಳವೆಯಲ್ಲಿ ಓಡಾಡುವುದು ಗ್ಯಾಸು, ಉಸಿರಾಡುವ ಗಾಳಿಯಲ್ಲ.

ಒಮ್ಮೆ ಬೆಂಗಳೂರಿನ ಕಚೇರಿಯೊಂದರ ಮೀಟಿಂಗ್ ರೂಮಿಗೆ ಅಂಗೈಯಗಲದ ಕಾರ್ಬನ್ ಡೈಆಕ್ಸೈಡ್ ಮೀಟರ್ ಒಯ್ದಿದ್ದೆ. ಹತ್ತು ಜನ, ಹಾಕಿದ ಬಾಗಿಲು. ಕೂರುವಾಗ 520 ಇದ್ದ ಅಂಕಿ ಮುಕ್ಕಾಲು ಗಂಟೆಯಲ್ಲಿ 1,900 ದಾಟಿತು. ಇದು ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು ಎಂಬ ಲೆಕ್ಕ. ಬಯಲಿನಲ್ಲಿ ಅದು ಸುಮಾರು 420. ನಾವು ಬಿಡುವ ಉಸಿರಿನಲ್ಲಿ 40,000ದ ಆಸುಪಾಸು. ನಾಲ್ಕಾರು ಆಕಳಿಕೆ ಬಿಟ್ಟರೆ ಒಳಗಿದ್ದ ಯಾರಿಗೂ ಏನೂ ಅನ್ನಿಸಿರಲಿಲ್ಲ. ತಡವಾಗಿ ಬಂದವರೊಬ್ಬರು ಮಾತ್ರ ಬಾಗಿಲಲ್ಲೇ ಮೂಗು ಮುರಿದರು. ಕೂತವರ ಮೂಗು ಆ ವಾಸನೆಗೆ ಅದಾಗಲೇ ಒಗ್ಗಿಹೋಗಿತ್ತು.

ಮೂಗನ್ನು ಬಿಟ್ಟು ಈ ಅನಿಲವನ್ನು ಅಳತೆಗೋಲಾಗಿ ಹಿಡಿದವರು ಮ್ಯೂನಿಕ್‌ನ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್. ಸುಣ್ಣದ ತಿಳಿಯಂಥ ಬೇರಿಯಂ ದ್ರಾವಣಕ್ಕೆ ಕೋಣೆಯ ಗಾಳಿ ತಾಗಿಸಿ, ಅದು ಎಷ್ಟು ಹೀರಿಕೊಂಡಿತೆಂದು ಅಳೆಯುತ್ತಿದ್ದರು. ಸಾವಿರಕ್ಕೆ ಒಂದು ಪಾಲು, ಅಂದರೆ 1,000 ಪಿಪಿಎಂ ಮೀರಬಾರದು ಎಂದು 1858ರಲ್ಲೇ ಬರೆದರು. ಅನಿಲವೇ ವಿಷವೆಂದಲ್ಲ. ಅದು ಏರಿದೆಯೆಂದರೆ ನಮ್ಮ ಮೈಯಿಂದ, ಬಾಯಿಂದ ಬಂದ ಮಿಕ್ಕದ್ದೂ ಅಲ್ಲೇ ಸುತ್ತುತ್ತಿದೆ ಎಂದರ್ಥ.

ಆ ಕಚೇರಿಯಲ್ಲಿ ಹೊರಗಾಳಿಗೆ ದಾರಿ ಇರಲಿಲ್ಲವೆಂದಲ್ಲ. ತಾರಸಿಯ ಯಂತ್ರ ಹೊರಗಾಳಿಯನ್ನೂ ಒಳಗಾಳಿಯನ್ನೂ ಬೆರೆಸಿ ಡಕ್ಟಿಗೆ ತಳ್ಳುತ್ತದೆ. ಎಷ್ಟು ಹೊರಗಾಳಿ ಬೇಕೆಂಬುದನ್ನು ಡ್ಯಾಂಪರ್ ಎಂಬ ತಗಡಿನ ಅಲಗುಗಳು ತೀರ್ಮಾನಿಸುತ್ತವೆ. ಕಂಪ್ಯೂಟರ್ ಪರದೆಯಲ್ಲಿ ಡ್ಯಾಂಪರ್ ಶೇ. 60 ತೆರೆದಿತ್ತು. ಮೇಲೆ ಹತ್ತಿ ನೋಡಿದರೆ ಮೋಟಾರಿನ ಕೊಂಡಿ ಕಳಚಿ, ಅಲಗುಗಳನ್ನು ಬೈಂಡಿಂಗ್ ವೈರಿನಿಂದ ಬಿಗಿದಿದ್ದರು. "ಬೇಸಿಗೇಲಿ ಬಿಲ್ ಜಾಸ್ತಿ ಬಂತು ಅಂತ ಕಟ್ಸಿದ್ರು ಸಾರ್. ಬಿಚ್ಚು ಅಂತ ಆಮೇಲೆ ಯಾರೂ ಹೇಳ್ಲಿಲ್ಲ" ಎಂದ ಟೆಕ್ನಿಷಿಯನ್. ಪರದೆ ತೋರಿಸುತ್ತಿದ್ದದ್ದು ಮೋಟಾರಿಗೆ ಹೋದ ಅಪ್ಪಣೆಯನ್ನು, ಅಲಗಿನ ಸ್ಥಿತಿಯನ್ನಲ್ಲ!

ಬಿಲ್ಲಿನ ಭಯವೇನೂ ಸುಳ್ಳಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಒಳತಂದ ಗಾಳಿಯನ್ನೆಲ್ಲ ತಣಿಸಬೇಕು. ಜರ್ಮನಿಯ ಜನವರಿಯಲ್ಲಿ ಕಾಯಿಸಬೇಕು. ಚಳಿದೇಶದವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಹೊರಹೋಗುವ ಬೆಚ್ಚನೆ ಗಾಳಿಯನ್ನೂ ಒಳಬರುವ ತಣ್ಣನೆ ಗಾಳಿಯನ್ನೂ ತೆಳು ಹಾಳೆಗಳ ಎರಡು ಬದಿಯಲ್ಲಿ ಹರಿಸುತ್ತಾರೆ. ಗಾಳಿ ಬೆರೆಯದು, ಶಾಖ ಮಾತ್ರ ದಾಟುತ್ತದೆ. ಒಳಗೆ 20 ಡಿಗ್ರಿ, ಹೊರಗೆ ಸೊನ್ನೆ ಇದ್ದು, ಶಾಖದ ಶೇ. 80 ಮರಳಿ ಸಿಕ್ಕರೆ ಹೊಸ ಗಾಳಿ 16 ಡಿಗ್ರಿಯಲ್ಲಿ ಕೋಣೆ ಸೇರುತ್ತದೆ. ಬೆಂಗಳೂರಿನ ನವೆಂಬರಿಗೆ ಇಷ್ಟೆಲ್ಲ ಯಾಕೆ, ಕಿಟಕಿ ತೆರೆದರಾಯಿತು. ಆದರೆ ಗಾಜಿನ ಕಟ್ಟಡಗಳಿಗೆ ತೆರೆಯುವ ಕಿಟಕಿಯನ್ನೇ ಇಟ್ಟಿರುವುದಿಲ್ಲ.

ಮೀಟರೂ ಸುಳ್ಳು ಹೇಳಬಲ್ಲದು. ಒಳಗೊಂದು ಅತಿಗೆಂಪು ದೀಪ. ಆ ಬೆಳಕನ್ನು ಅನಿಲ ಎಷ್ಟು ನುಂಗಿತೆಂಬುದರಿಂದ ಅಂಕಿ ಹೊರಡುತ್ತದೆ. ವರ್ಷ ಕಳೆದಂತೆ ದೀಪ ಮಂಕಾಗುವುದರಿಂದ, ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನೇ ಬಯಲಿನ ಗಾಳಿಯೆಂದುಕೊಂಡು ತನ್ನನ್ನು ತಾನೇ ತಿದ್ದಿಕೊಳ್ಳುವ ಮೀಟರುಗಳಿವೆ. ಹಗಲಿರುಳು ಜನ ತುಂಬಿರುವ ಕಾಲ್‌ಸೆಂಟರಿನಲ್ಲಿ ಅತಿ ಕಡಿಮೆಯೇ 900 ಇದ್ದರೆ? ಅದನ್ನೇ 400 ಎಂದು ಓದುತ್ತಾ ಕೂರುತ್ತದೆ.

ಹಾಗಾಗಿ ನನ್ನ ಮೀಟರನ್ನು ಭಾನುವಾರ ಬೆಳಿಗ್ಗೆ ಬಾಲ್ಕನಿಯ ತುಳಸಿ ಕುಂಡದ ಪಕ್ಕ ಇಪ್ಪತ್ತು ನಿಮಿಷ ಇಡುತ್ತೇನೆ. ಕಳೆದ ವಾರ 436 ತೋರಿಸಿತು.