ಗುಡ್ಡದ ಬೆಂಕಿಗೆ ಮುಂದಾಳು ಯಾರು?

ಸಂಕ್ರಾಂತಿ ಮುಗಿಯುತ್ತಿದ್ದಂತೆ ದಡ್ಡಿ, ಹಿಡಕಲ್, ಗೋಕಾಕದ ಸುತ್ತಲಿನ ಗುಡ್ಡಗಳ ಬಣ್ಣ ಬದಲಾಗುತ್ತದೆ. ಮಳೆಗಾಲದಲ್ಲಿ ಬೆಳೆದ ಹುಲ್ಲು ಒಣಗಿ ಕರಡವಾಗಿ ನಿಲ್ಲುತ್ತದೆ. ಕೆಳಗೆ ಹುಕ್ಕೇರಿ, ಮೂಡಲಗಿಯ ಹೊಲಗಳಲ್ಲಿ ಕಬ್ಬಿನ ಕಟಾವು ನಡೆಯುವುದೂ ಅದೇ ಹೊತ್ತಿಗೆ. ಕಬ್ಬು ಕಾರ್ಖಾನೆಗೆ ಹೋದ ಮೇಲೆ ಉಳಿದ ರವದಿಗೆ ರೈತ ಕಡ್ಡಿ ಗೀರುತ್ತಾನೆ. ಮಧ್ಯಾಹ್ನದ ಗಾಳಿ ಎದ್ದಿತೆಂದರೆ ಕಿಡಿ ಹೊಲದಿಂದ ಬದುವಿಗೆ, ಬದುವಿನಿಂದ ಗುಡ್ಡಕ್ಕೆ ಹಾರುತ್ತದೆ. ಮುಂದಿನ ಮಳೆಗೆ ಹುಲ್ಲು ಚೆನ್ನಾಗಿ ಚಿಗುರಲಿ ಎಂದು ಗುಡ್ಡಕ್ಕೇ ಬೆಂಕಿ ಇಡುವವರೂ ಇದ್ದಾರೆ.

ಅಗ್ನಿಶಾಮಕ ದಳದ ವಾಹನ ರಸ್ತೆ ಇರುವಷ್ಟು ದೂರ ಬರುತ್ತದೆ. ಅಲ್ಲಿಂದ ಮೇಲೆ ನಡೆದು ಹೋಗಿ ಬೆಂಕಿಯ ಎದುರು ನಿಲ್ಲುವವರು ಅರಣ್ಯ ಇಲಾಖೆಯ ಸಿಬ್ಬಂದಿ. ಅವರನ್ನು ಮುನ್ನಡೆಸುವವರಿಗೆ ಏನು ಗೊತ್ತಿರಬೇಕು, ಅದನ್ನು ಅವರು ಎಲ್ಲಿ ಕಲಿಯುತ್ತಾರೆ?

ಕಾಡಿನ ಬೆಂಕಿಗೆಂದೇ ನಮ್ಮಲ್ಲಿ ಪ್ರತ್ಯೇಕ ವೃಂದವಿಲ್ಲ. ಅರಣ್ಯ ವೀಕ್ಷಕ, ಗಸ್ತು ಅರಣ್ಯ ಪಾಲಕ, ಉಪ ವಲಯ ಅರಣ್ಯಾಧಿಕಾರಿ, ವಲಯ ಅರಣ್ಯಾಧಿಕಾರಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಇಲಾಖೆಯಲ್ಲಿ ಬೆಂಕಿಯ ಹೊಣೆ ಹೆಚ್ಚಾಗಿ ಬೀಳುವುದು ವಲಯ ಅರಣ್ಯಾಧಿಕಾರಿಯ ಹೆಗಲಿಗೆ. ಶಿರಸಿ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳಲ್ಲಿ ಓದಿದ ಎಷ್ಟೋ ಜನ ಈ ಹುದ್ದೆಗೆ ಬರುತ್ತಾರೆ. ಧಾರವಾಡದ ಗುಂಗರಗಟ್ಟಿಯಲ್ಲಿ ರಾಜ್ಯದ ಅರಣ್ಯ ಅಕಾಡೆಮಿ ಇದೆ. ಮೇಲಿನ ಹಂತದ ಭಾರತೀಯ ಅರಣ್ಯ ಸೇವೆಗೆ ಆಯ್ಕೆಯಾದವರು ಡೆಹ್ರಾಡೂನ್‌ನಲ್ಲಿ ತರಬೇತಿ ಪಡೆಯುತ್ತಾರೆ. ಆ ಸೇವೆಗೆ ಸೇರಲು ಪುರುಷರು 4 ಗಂಟೆಯಲ್ಲಿ 25 ಕಿ.ಮೀ., ಮಹಿಳೆಯರು 14 ಕಿ.ಮೀ. ನಡೆದು ತೋರಿಸಬೇಕು. ಅಮೆರಿಕದಲ್ಲಿ ಕಾಡಿನ ಬೆಂಕಿಗೆ ಇಳಿಯುವವರ ಪರೀಕ್ಷೆ ಬೇರೆ: ಸುಮಾರು 20 ಕೆ.ಜಿ. ಭಾರ ಹೊತ್ತು 4.8 ಕಿ.ಮೀ. ದೂರವನ್ನು 45 ನಿಮಿಷದಲ್ಲಿ ನಡೆಯಬೇಕು, ಓಡುವಂತಿಲ್ಲ. ಅಷ್ಟೇ ಅಲ್ಲ, ಅಲ್ಲಿ ಪ್ರತಿ ಮೇಲಿನ ಹುದ್ದೆಗೂ ಒಂದು ಕೆಲಸದ ಪುಸ್ತಕವಿದೆ. ನಿಜವಾದ ಬೆಂಕಿಯಲ್ಲಿ, ಅನುಭವಿ ಹಿರಿಯರ ಕಣ್ಣೆದುರು ಆ ಕೆಲಸ ಮಾಡಿ ತೋರಿಸಿ, ಅವರಿಂದ ಸಹಿ ಹಾಕಿಸಿಕೊಂಡ ಮೇಲೆಯೇ ಮುಂದಿನ ಹುದ್ದೆ. ದೊಡ್ಡ ಬೆಂಕಿಯ ಪೂರ್ತಿ ಹೊಣೆ ಹೊರುವ ಹೊತ್ತಿಗೆ ತಲೆಗೂದಲು ನರೆತಿರುತ್ತದೆ. ಈ ಪದ್ಧತಿ ನಮಗೂ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾಕೆಂದರೆ ಇಲ್ಲಿ ಬೇಕಾದ ವಿದ್ಯೆ ಹೆಚ್ಚಿನ ಪಾಲು ಕಣ್ಣಿನದು, ಕಾಲಿನದು. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ. ಏರು 10 ಡಿಗ್ರಿ ಹೆಚ್ಚಾದಂತೆಲ್ಲ ಅದರ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಈ ಕೆಲಸದವರ ಲೆಕ್ಕ. ಹಾಗಾಗಿ ಉರಿಯುವ ಗುಡ್ಡದ ನೆತ್ತಿಯ ಕಡೆ ಜನರನ್ನು ಕಳಿಸುವುದು ಅಪಾಯದ ಕೆಲಸ. ಕೆಳಗಿದ್ದರೂ ನಿಶ್ಚಿಂತೆ ಇಲ್ಲ; ಉರಿಯುವ ಕೊರಡು ಉರುಳಿ ಬಂದು ಬೆನ್ನ ಹಿಂದೆ ಹೊಸ ಬೆಂಕಿ ಹೊತ್ತಿಸಬಹುದು. ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುವವರು ಜ್ವಾಲೆಯ ಮುಂದೆ ನಿಲ್ಲದೆ ಪಕ್ಕದಿಂದ, ಆಗಲೇ ಸುಟ್ಟ ನೆಲದ ಮೇಲೆ ಕಾಲಿಟ್ಟು ಸಾಗಬೇಕು. ಕೊಂಬೆಯನ್ನು ಜೋರಾಗಿ ಎತ್ತಿ ಬಡಿದರೆ ಕಿಡಿ ಹಾರುತ್ತದೆ. ಒತ್ತಿ, ಉಜ್ಜಿ, ಸುಟ್ಟ ಕಡೆಗೆ ಗುಡಿಸಿದರೆ ಆರುತ್ತದೆ. ಜ್ವಾಲೆ ಆಳೆತ್ತರ ಎದ್ದರೆ ಸೊಪ್ಪು ಸಾಲದು. ಆಗ ದೂರದಲ್ಲಿ ಹುಲ್ಲು ಸವರಿ, ನೆಲ ಕೆರೆದು, ಆ ಗೆರೆಯಿಂದ ಎದುರು ಬೆಂಕಿ ಕೊಡಬೇಕು. ಎರಡು ಬೆಂಕಿ ಎದುರುಬದುರಾದಲ್ಲಿ ಉರಿಯಲು ಏನೂ ಉಳಿದಿರುವುದಿಲ್ಲ. ಆದರೆ ಗಾಳಿಯ ಅಂದಾಜು ತಪ್ಪಿದರೆ ನಾವೇ ಹಚ್ಚಿದ ಬೆಂಕಿ ನಮ್ಮವರ ಮೇಲೇ ಬರುತ್ತದೆ. ಆ ಕಡ್ಡಿ ಯಾವಾಗ ಗೀರಬೇಕು ಎಂಬ ತೀರ್ಮಾನದಲ್ಲೇ ಮುಂದಾಳಿನ ಯೋಗ್ಯತೆ ತಿಳಿಯುತ್ತದೆ.

1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ, ಕಾಡಿನ ಬೆಂಕಿ ಆರಿಸಲು ಹೋಗಿದ್ದ ತಂಡವೊಂದನ್ನು ಬೆಂಕಿಯೇ ಅಟ್ಟಿಸಿಕೊಂಡು ಬಂತು. ತಂಡದ ಮುಂದಾಳು ವ್ಯಾಗ್ ಡಾಡ್ಜ್ ತನ್ನ ಎದುರಿನ ಹುಲ್ಲಿಗೆ ತಾನೇ ಬೆಂಕಿ ಕೊಟ್ಟು, ಸುಟ್ಟ ಬೂದಿಯ ಮೇಲೆ ಬೋರಲು ಮಲಗಿದ. ಇಲ್ಲಿಗೆ ಬನ್ನಿ ಎಂದು ಕರೆದರೂ ಯಾರೂ ಬರಲಿಲ್ಲ. ಹೆದರಿದವರಿಗೆ ಅದು ಹುಚ್ಚಾಟದಂತೆ ಕಂಡಿರಬೇಕು. ಡಾಡ್ಜ್ ಬದುಕಿದ, 13 ಜನ ಸತ್ತರು. ಅವನ ಬುದ್ಧಿ ಸರಿಯಾಗಿಯೇ ಇತ್ತು. ಆದರೆ ಅವನ ಮಾತಿನ ಮೇಲೆ ಪ್ರಾಣ ಇಡುವಷ್ಟು ಬಳಕೆ ಆ ತಂಡಕ್ಕಿರಲಿಲ್ಲ.

ನಮ್ಮ ನಾಡಿನ ಲೆಕ್ಕವೂ ನೋವಿನದೇ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸುತ್ತ ಅರಣ್ಯ ರಕ್ಷಕ ಮುರಿಗೆಪ್ಪ ತಮ್ಮನಗೋಳ ಪ್ರಾಣ ಬಿಟ್ಟರು. ಎರಡೇ ವರ್ಷದಲ್ಲಿ, 2019ರ ಫೆಬ್ರವರಿ ಕೊನೆಯ ವಾರ, ಅದೇ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟು ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡಿನಲ್ಲಿ ಮತ್ತೊಬ್ಬ ಸಿಬ್ಬಂದಿ ಸುಟ್ಟಗಾಯಗಳಿಂದ ತೀರಿಕೊಂಡರು.

ಈಗ ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹದ ಸುಳಿವನ್ನು ಸಿಬ್ಬಂದಿಯ ಮೊಬೈಲಿಗೇ ಕಳಿಸುತ್ತದೆ. ದೊಡ್ಡ ಉಪಕಾರ ಅದು. ಆದರೆ ಉಪಗ್ರಹ ಹೇಳುವುದು 375 ಮೀಟರ್ ಚೌಕದೊಳಗೆ ಎಲ್ಲೋ ಕಾವು ಇದೆ ಎಂದಷ್ಟೇ. ಅಲ್ಲಿಗೆ ಯಾವ ಕಾಲುದಾರಿ ಹಿಡಿಯಬೇಕು, ಯಾವ ಹಳ್ಳದಲ್ಲಿ ನೀರಿದೆ, ಸಂಜೆ ಗಾಳಿ ಯಾವ ಕಡೆ ತಿರುಗುತ್ತದೆ ಎಂಬುದು ಬೇಸಿಗೆಗೆಂದು ದಿನಗೂಲಿಯ ಮೇಲೆ ಬರುವ ಬೆಂಕಿ ಕಾವಲುಗಾರನಿಗೆ ಗೊತ್ತು. ಅಧಿಕಾರಿ ವರ್ಗವಾಗಿ ಹೋಗುತ್ತಾರೆ, ಆ ಕಾವಲುಗಾರ ಊರಲ್ಲೇ ಉಳಿಯುತ್ತಾನೆ. ಅವನನ್ನು ಕೇಳಿ ನಿರ್ಧಾರ ಮಾಡುವ ಅಧಿಕಾರಿಯನ್ನು ನಾನು ಪದವಿಗಿಂತ ದೊಡ್ಡ ಅರ್ಹತೆಯುಳ್ಳವರೆಂದು ಎಣಿಸುತ್ತೇನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಏರುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದರು. ನೆಲದ ಒಣ ಎಲೆ ಮಾತ್ರ ಸುಡುವಂಥ ಸಣ್ಣ ಬೆಂಕಿ. ಅದು ನಿಂತ ಮೇಲೆ ಲಾಂಟಾನ ಕಳೆ ಹೆಚ್ಚಿತು ಎನ್ನುವ ಅವರ ಮಾತನ್ನು ಸಂಶೋಧಕರೂ ಈಗ ಗಂಭೀರವಾಗಿ ಕೇಳುತ್ತಿದ್ದಾರೆ.

ಬೆಂಕಿ ಬೀಳುವ ಮೊದಲಿನ ಕೆಲಸವೇ ಈ ಹೊಣೆಯ ಮುಕ್ಕಾಲು ಪಾಲು. ಜನವರಿಯೊಳಗೆ ಬೆಂಕಿ ರೇಖೆ ಸವರಿ ಸುಟ್ಟಿರಬೇಕು, ಕಾವಲುಗಾರರ ಕೂಲಿಗೆ ಹಣ ಬಂದಿರಬೇಕು, ಕುರಿಗಾರರ ಜೊತೆ, ಕಬ್ಬಿನ ರೈತರ ಜೊತೆ ಕೂತು ಮಾತಾಡಿರಬೇಕು. ನಮ್ಮ ಭಾಗದಲ್ಲಿ ಇದರಷ್ಟು ಫಲ ಕೊಡುವ ಕೆಲಸ ಮತ್ತೊಂದಿಲ್ಲ.

ಓದುಗರಲ್ಲಿ ಒಂದು ವಿನಂತಿ. ರವದಿ ಸುಡಬೇಡಿ, ಹೊಲದಲ್ಲೇ ಕೊಳೆಯಲು ಬಿಟ್ಟರೆ ಅದೇ ಗೊಬ್ಬರ. ಗುಡ್ಡದ ಮೇಲೆ ಹೊಗೆ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಊರಿನ ಹೆಸರು, ಗುಡ್ಡದ ಹೆಸರು, ಗಾಳಿ ಬೀಸುವ ದಿಕ್ಕು ಹೇಳಿ.